ಮಗಳಿಗೆ ಕಳಿಸಿದ ಎರಡು ಟ್ರೈಲರ್‌ಗಳು

ಜಪಾನಿನ ತ್ಸುಕುಬಾದ ಥಿಯೇಟರಿನಲ್ಲಿ ನಾನು ನೋಡಿದ ಮೊದಲ ಟ್ರೈಲರಿನಲ್ಲೇ ನಾಯಕಿ ಸತ್ತುಹೋದಳು. ಸಿನಿಮಾ ಬಿಡುಗಡೆಗೆ ಇನ್ನೂ ಒಂದು ತಿಂಗಳಿತ್ತು. ಅವಳಿಗೆ ಯಾವ ಕಾಯಿಲೆ, ಗಂಡ ಹೇಗೆ ನೋಡಿಕೊಂಡ, ಕೊನೆಯ ಪತ್ರದಲ್ಲಿ ಏನಿತ್ತು ಎಲ್ಲವನ್ನೂ ಒಂದು ಮೃದುವಾದ ಹೆಣ್ಣುದನಿ ಹೇಳಿ ಮುಗಿಸಿತು. ಸಾಲದೆಂಬಂತೆ, ಸಿನಿಮಾ ಮೊದಲೇ ನೋಡಿ ಬಂದವರು ಕಣ್ಣೊರೆಸಿಕೊಳ್ಳುವ ದೃಶ್ಯ ಬೇರೆ. ಕೊರೊನಾ ಕಾಲ, ಒಂದು ಬಿಟ್ಟು ಒಂದು ಸೀಟಿಗೆ ಟೇಪ್ ಅಂಟಿಸಿದ್ದರು. ಮಾಸ್ಕ್ ಹಾಕಿ ಕೂತ ಹತ್ತಿಪ್ಪತ್ತು ಜನರಲ್ಲಿ ಯಾರೂ ಚಕಾರವೆತ್ತಲಿಲ್ಲ. ನಾನೊಬ್ಬಳೇ ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ, "ಇನ್ನೇನ್ ನೋಡೋಕೆ ಬರ್ಬೇಕು?" ಎಂದು ಕನ್ನಡದಲ್ಲಿ ಕೇಳಿಬಿಟ್ಟೆ. ಮುಂದಿನವರು ತಿರುಗಿ ನೋಡಿದರು. ದಿನಕ್ಕೆ ಇಪ್ಪತ್ತು ಸಲ ಕ್ಷಮೆ ಕೇಳಲು ಕಲಿತಿದ್ದ "ಸುಮಿಮಾಸೆನ್" ಮತ್ತೊಮ್ಮೆ ಕೆಲಸಕ್ಕೆ ಬಂತು.

ನಾನು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬಂದದ್ದೇ ಟ್ರೈಲರುಗಳ ಮೇಲೆ ಪಿಎಚ್.ಡಿ. ಮಾಡಲು. ನಗುವುದಿದ್ದರೆ ನಕ್ಕುಬಿಡಿ, ಮೈಸೂರಿನಲ್ಲಿ ನಮ್ಮತ್ತೆಯೂ ನಕ್ಕಿದ್ದರು. "ಎರಡು ನಿಮಿಷದ್ದನ್ನ ಮೂರು ವರ್ಷ ಓದ್ತೀಯೇನೇ?" ಓದುವುದು ಬೇಕಾದಷ್ಟಿದೆ. ನಮ್ಮ ಕಡೆಯ ಟ್ರೈಲರಿನಲ್ಲಿ ಮೊದಲು ನಾಯಕನ ಬೂಟು, ಆಮೇಲೆ ಬೆನ್ನು, ಮುಖ ಬರುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಅಬ್ಬರದ ಸಂಗೀತ ಗಕ್ಕನೆ ನಿಲ್ಲುತ್ತದೆ, ಒಂದು ಡೈಲಾಗ್ ಬೀಳುತ್ತದೆ, ಥಿಯೇಟರ್ ತುಂಬ ಶಿಳ್ಳೆ. ಕಥೆಯ ಬಗ್ಗೆ ಮಾತ್ರ ಯಾರೂ ಬಾಯಿಬಿಡುವುದಿಲ್ಲ. ಇಲ್ಲಿ ತದ್ವಿರುದ್ಧ. ನನ್ನ ಲ್ಯಾಬಿನಲ್ಲಿರುವ ಒಗಾವಾ-ಸಾನ್ ನನಗಿಂತ ಹತ್ತು ವರ್ಷ ಹಿರಿಯರು, ಮಿತಭಾಷಿ. ಕಾರಣ ಕೇಳಿದ್ದಕ್ಕೆ ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದರು: "ಎಷ್ಟು ಅಳಬೇಕಾಗುತ್ತದೆ ಎಂದು ಗೊತ್ತಿದ್ದರೆ, ಜನ ಧೈರ್ಯವಾಗಿ ಬರುತ್ತಾರೆ."

ನಾನು ಬಂದ ಆರು ತಿಂಗಳಲ್ಲಿ ಗಂಡ ಮತ್ತು ನಾಲ್ಕು ವರ್ಷದ ಮಗಳು ಧಾತ್ರಿ ಇಲ್ಲಿಗೆ ಬರಬೇಕಿತ್ತು. ಗಡಿ ಮುಚ್ಚಿತು. ನಾನೇ ಹೋಗೋಣವೆಂದರೆ, ಹೋದವರನ್ನು ಮತ್ತೆ ಒಳಗೆ ಬಿಡುವ ಖಾತರಿ ಇರಲಿಲ್ಲ. ಮೊದಮೊದಲು ಧಾತ್ರಿ ಫೋನಿಗೆ ಮುತ್ತು ಕೊಡುತ್ತಿದ್ದಳು. ವರ್ಷ ಕಳೆಯುವುದರಲ್ಲಿ, "ಆಟ ಆಡ್ಬೇಕು" ಎಂದು ನನ್ನ ಮಾತಿನ ನಡುವೆಯೇ ಓಡತೊಡಗಿದಳು. ಮಗು ನನ್ನನ್ನು ಮರೆಯುತ್ತಿದೆ ಎಂಬ ಭಯಕ್ಕೆ ಊಟ ಸೇರುತ್ತಿರಲಿಲ್ಲ.

ಕಲಿತ ವಿದ್ಯೆ ಇತ್ತಲ್ಲ, ಮಗಳಿಗೊಂದು ಟ್ರೈಲರ್ ಮಾಡಿದೆ. ತಿರುಗುವ ಸೈಕಲ್ ಚಕ್ರ, ಪಾರ್ಕಿನ ಕೆರೆಯ ಬಾತುಕೋಳಿ, ಚೆರ್ರಿ ಹೂವು, ಬೀದಿಗೊಂದಿರುವ ಕೊಂಬಿನಿ ಅಂಗಡಿಯ ಐಸ್‌ಕ್ರೀಮ್ ಪೆಟ್ಟಿಗೆ. ಕೊನೆಗೆ ಸಂಗೀತ ನಿಲ್ಲಿಸಿ ನನ್ನ ಮುಖ. ಧಾತ್ರಿ ಪೂರ್ತಿ ನೋಡಿ ಕೇಳಿದಳು, "ಅಲ್ಲಿ ಯಾರೂ ಇಲ್ವಾಮ್ಮ?"

ಏನು ತಪ್ಪಾಯಿತೆಂದು ಒಗಾವಾ-ಸಾನ್‌ಗೆ ತೋರಿಸಿದೆ. "ಚೆನ್ನಾಗಿದೆ. ಆದರೆ ನೀವು ಏನನ್ನೂ ಹೇಳಿಲ್ಲ. ಮಗುವಿಗೆ ಹೆದರಿಕೆಯಾಗುತ್ತದೆ," ಎಂದರು. ನನಗೆ ಸಿಟ್ಟು ಬಂತು. ಎರಡು ದಿನ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ದಿನ ಇಲ್ಲಿನ ಪದ್ಧತಿಯಲ್ಲೇ ಇನ್ನೊಂದು ಮಾಡಿದೆ. ಸಂಗೀತವಿಲ್ಲ, ನನ್ನ ದನಿ ಮಾತ್ರ. "ಇದು ಅಮ್ಮನ ರೂಮು. ಆರು ಹೆಜ್ಜೆ ಇಟ್ರೆ ಗೋಡೆ. ಇದು ಅನ್ನ, ಇದು ಸಾರು. ಅಮ್ಮ ಒಬ್ಳೇ ಕೂತು ಊಟ ಮಾಡ್ತಾಳೆ. ಒಂದೊಂದ್ಸಲ ಅಳ್ತಾಳೆ. ಆಮೇಲೆ ಪಾತ್ರೆ ತೊಳೀತಾಳೆ." ಕಳಿಸಿದ ಮೇಲೆ, ಮಗುವಿಗೆ ಇದೆಲ್ಲ ಹೇಳಬಾರದಿತ್ತು ಎಂದು ಒದ್ದಾಡಿದೆ.

ಮರುದಿನ ಸಂಜೆ ಏಳಕ್ಕೆ ಗಂಡನ ವಿಡಿಯೋ ಕಾಲ್. ಮೈಸೂರಿನಲ್ಲಿ ಮೂರೂವರೆ. "ನೋಡು, ಮಧ್ಯಾಹ್ನ ಊಟನೇ ಮಾಡಿಲ್ಲ ಇವ್ಳು. ಅಮ್ಮ ಒಬ್ಳೇ ತಿನ್ಬಾರ್ದಂತೆ." ಪಕ್ಕದಲ್ಲಿ ಧಾತ್ರಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. "ಬೇಗ ಬಡಿಸ್ಕೋಮ್ಮ, ಹಸಿವಾಗ್ತಿದೆ," ಎಂದು ಗದರಿದಳು. ಅಳುತ್ತ, ನಗುತ್ತ ಬಡಿಸಿಕೊಂಡೆ. ಅಂದಿನಿಂದ ಅದೇ ಪರಿಪಾಠವಾಯಿತು. ಅತ್ತೆಯೂ ತಮ್ಮ ಊಟವನ್ನು ಮೊಮ್ಮಗಳ ಹೊತ್ತಿಗೇ ಹೊಂದಿಸಿಕೊಂಡರು. ಫೋನ್ ಇಟ್ಟ ಮೇಲೆ ರೂಮು ಮೊದಲಿಗಿಂತ ಬಿಕೋ ಅನ್ನುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೂ ಊಟ ಗಂಟಲಲ್ಲಿ ಇಳಿಯುತ್ತಿತ್ತು.

ಹೀಗೇ ಇನ್ನೊಂದು ವರ್ಷ ಹೋಯಿತು. ಕಡೆಗೂ ಗಡಿ ತೆರೆಯಿತು, ವೀಸಾ ಬಂತು. ಊಟದ ಹೊತ್ತಿಗೇ ಹೇಳಿದೆ, "ಧಾತ್ರಿ, ಟಿಕೆಟ್ ಬುಕ್ ಆಯ್ತು. ನೀನೂ ಅಪ್ಪನೂ ಬರ್ತಿದೀರ!"

ಅವಳು ಕುಣಿಯಲಿಲ್ಲ. ಬಾಯಲ್ಲಿದ್ದ ತುತ್ತು ನುಂಗಿ, ಪಕ್ಕದಲ್ಲಿ ಬಡಿಸುತ್ತಿದ್ದ ನಮ್ಮತ್ತೆಯನ್ನೊಮ್ಮೆ ನೋಡಿದಳು.

"ಬರ್ತೀನಮ್ಮ. ಆದ್ರೆ ಆಮೇಲೆ ಅಜ್ಜಿ ಜೊತೆ ಊಟಕ್ಕೆ ಯಾರ್ ಕೂತ್ಕೋತಾರೆ?"

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು.