ಮೊದಲು ಮೂಸು

“ಕುಡಿಯಬೇಡ! ಮೊದಲು ಮೂಸು!” ಎಂದು ಲಿಗೋರಿಯಣ್ಣ ನನ್ನ ಕೈ ಹಿಡಿದೇಬಿಟ್ಟರು. ಗ್ಲಾಸಿನಲ್ಲಿದ್ದದ್ದು ಬರೀ ಲಬನ್, ಇಲ್ಲಿಯ ಮಜ್ಜಿಗೆ. ಹೊರಗೆ ಬಿಸಿಲು ಸುಡುತ್ತಿತ್ತು, ನನ್ನ ಗಂಟಲು ಒಣಗಿತ್ತು.

“ಎಂತ ವಾಸನೆ ಬರ್ತದೆ?”

“ಮಜ್ಜಿಗೆದು.”

“ಹಾಗಲ್ಲ ಮಾರಾಯ. ಇವತ್ತಿನದಾ, ನಿನ್ನೆದಾ?”

“ಇವತ್ತಿನದೇ. ಕೈ ಬಿಡಿ.”

ದಿನವೂ ಇದೇ. ಕುವೈತಿನ ಮಹಬೂಲಾದಲ್ಲಿದ್ದ ನಮ್ಮ ಲೇಬರ್ ಕ್ಯಾಂಪಿನ ಮೆಸ್ಸಿಗೆ ಅವರು ಅಡುಗೆಯವರು, ನಾನು ಊಟದ ವ್ಯಾನಿನ ಡ್ರೈವರ್. ಫಹಾಹೀಲಿನ ಮಾರ್ಕೆಟಿನಿಂದ ಮೀನು ತಂದರೆ ಅದನ್ನು ನನ್ನ ಮೂಗಿಗೇ ಹಿಡಿಯುತ್ತಿದ್ದರು. ಸಾರು ಕುದಿಯುವಾಗ ಕರೆದು, ಮಸಾಲೆಯ ಹಸಿ ವಾಸನೆ ಹೋಯಿತೇ ಎಂದು ಕೇಳುತ್ತಿದ್ದರು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ದಡ್ಡನಿಗೆ ಪಾಠ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ.

ಪಾಠ ಮಾಡುವಷ್ಟು ಅವರಿಗೆ ಗೊತ್ತಿತ್ತು. ಕಾರ್ಕಳದ ಕಡೆಯವರು. ಮೊದಲು ಹಡಗಿನಲ್ಲಿ ಸ್ಟೀವರ್ಡ್, ಆಮೇಲೆ ಆರು ವರ್ಷ ಫ್ರಾನ್ಸಿನ ದಕ್ಷಿಣದಲ್ಲಿ ಒಂದು ದ್ರಾಕ್ಷಿ ತೋಟದಲ್ಲಿ. ದ್ರಾಕ್ಷಿ ಅಲ್ಲೇ ಬೆಳೆದು, ಅಲ್ಲೇ ವೈನ್ ಮಾಡಿ, ಬಂದವರಿಗೆ ಊಟದ ಜೊತೆ ಕೊಡುತ್ತಿದ್ದರಂತೆ. ಯಾವ ಊಟಕ್ಕೆ ಯಾವುದು ಎಂದು ಹೇಳುವುದು ಇವರ ಕೆಲಸ. ಕುವೈತಿನಲ್ಲಿ ಅದರ ಒಂದು ಹನಿ ಸಿಕ್ಕಿದರೂ ಜೈಲು. ಹಾಗಾಗಿ ಶುಕ್ರವಾರ ಮಧ್ಯಾಹ್ನ ಮೆಸ್ಸಿನಲ್ಲಿ ದ್ರಾಕ್ಷಿ ಜ್ಯೂಸು ಸುರಿದು, ಗ್ಲಾಸು ತಿರುಗಿಸಿ, ಮೂಸಿ ಹೇಳುತ್ತಿದ್ದರು.

“ಮರುವಾಯಿ ಚಿಪ್ಪಿನ ಸುಕ್ಕಕ್ಕೆ ಬಿಳಿ ವೈನ್. ಬಂಗುಡೆ ಪುಳಿಮುಂಚಿಗೆ ಗುಲಾಬಿ ಬಣ್ಣದ್ದು, ತಣ್ಣಗಿರ್ಬೇಕು, ಖಾರ ಇಳಿಸ್ತದೆ. ಕುರಿಗೆ ಕೆಂಪು. ನಾಲಿಗೆಯ ಜಿಡ್ಡು ತೊಳೆದು ತೆಗಿತದೆ.”

ಹತ್ತು ಹನ್ನೆರಡು ಜನ ಊಟ ನಿಲ್ಲಿಸಿ ಕೇಳುತ್ತಿದ್ದರು. ನನಗೆ ತಲೆ ಕೆಡುತ್ತಿತ್ತು. “ಜ್ಯೂಸಿಗೆ ಎಂತಕ್ಕೆ ಇಷ್ಟು ಬಿಲ್ಡಪ್?” ಎಂದರೆ ಅವರು ನಗುತ್ತಿದ್ದರು.

ಒಂದು ಶುಕ್ರವಾರ ಕುರಿ ಮಾಡಿದ್ದರು. ಇವರ ಬಿಲ್ಡಪ್ಪು ಇಳಿಸಬೇಕೆಂದು, ಒಣಸಿಗಡಿ ನೆನೆಸಿದ ನೀರನ್ನು ಎರಡು ಚಮಚ ಅವರ ಜ್ಯೂಸಿಗೆ ಹಾಕಿದೆ. ಟೇಬಲ್ಲಿನ ಆಚೆ ಕೂತವರಿಗೂ ನಾತ ಹೊಡೆಯುತ್ತಿತ್ತು. ಲಿಗೋರಿಯಣ್ಣ ಗ್ಲಾಸು ತಿರುಗಿಸಿ, ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು.

“ಆಹಾ! ಅದೇ. ಬಿಸಿಲಿಗೆ ಕಾದ ಕಲ್ಲು, ಕಪ್ಪು ಆಲಿವ್, ತೋಟದ ಬದಿಯ ಹೂವು.”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. “ಹೂವಲ್ಲ ಅಣ್ಣಾ, ಒಣಸಿಗಡಿ!” ಎಂದು ಕೂಗಿದವನು ನಾನೇ.

ಕ್ಯಾಂಪ್ ನೋಡಿಕೊಳ್ಳುವ ಇಬ್ರಾಹಿಂ ಕಾಕ ಅಲ್ಲೇ ಉಣ್ಣುತ್ತಿದ್ದರು. ಅವರೊಬ್ಬರು ನಗಲಿಲ್ಲ.

“ಲಿಗೋರಿ, ಮೂಗು ಹೋಗಿ ಎಷ್ಟು ಸಮಯ ಆಯ್ತು?”

ಲಿಗೋರಿಯಣ್ಣ ಗ್ಲಾಸು ಕೆಳಗಿಟ್ಟರು. “ಆ ದೊಡ್ಡ ಜ್ವರ ಬಂದಿತ್ತಲ್ಲ ಕಾಕ, ಅವತ್ತಿನಿಂದ.”

“ಮತ್ತೆ ಅಡುಗೆ ಹೇಗೆ ಮಾಡ್ತಿ?”

ಅವರು ನನ್ನನ್ನು ತೋರಿಸಿದರು. “ಇವನ ಮೂಗು ಉಂಟಲ್ಲ.”

ನಗು ನಿಂತಿತು. ಅಷ್ಟು ಜನರಲ್ಲಿ ಅವರು ನಂಬಿದ್ದು ನನ್ನ ಮೂಗನ್ನು.

ಕಾಕ ಕೆಟ್ಟವರಲ್ಲ. “ಗ್ಯಾಸ್ ಲೀಕಾದ್ರೆ ನಿನಗೆ ಗೊತ್ತಾಗ್ತದಾ? ಇನ್ನೂರು ಜನ ಉಣ್ಣುವ ಮೆಸ್ಸು ಇದು,” ಎಂದರು. ಸರಿಯಾದ ಮಾತೇ. ಮರುದಿನದಿಂದ ಲಿಗೋರಿಯಣ್ಣ ಒಲೆ ಬಿಟ್ಟು ಈರುಳ್ಳಿ ಹೆಚ್ಚುವಲ್ಲಿ ಕೂತರು. ಶುಕ್ರವಾರ ಯಾರಾದರೂ “ಇವತ್ತು ಯಾವುದು ಅಣ್ಣ?” ಎಂದರೆ, “ನೀರು ಕುಡೀರಿ,” ಎನ್ನುತ್ತಿದ್ದರು. ನನ್ನನ್ನು ಬೈಯಲಿಲ್ಲ. ಏನನ್ನೂ ಮೂಸಿಸಲೂ ಇಲ್ಲ. ತಿಂಗಳು ಕಳೆಯುವುದರೊಳಗೆ, “ಕೆಲಸ ಸಾಕು, ಇಕಾಮಾ ಕ್ಯಾನ್ಸಲ್ ಮಾಡಿ, ಊರಿಗೆ ಹೋಗ್ತೇನೆ,” ಎಂದು ತಾವೇ ಬರೆದುಕೊಟ್ಟರು.

ಏರ್‌ಪೋರ್ಟಿಗೆ ವ್ಯಾನಿನಲ್ಲಿ ಬಿಟ್ಟವನು ನಾನು. ದಾರಿಯುದ್ದಕ್ಕೂ ತಪ್ಪಾಯ್ತು ಅನ್ನಬೇಕೆಂದು ಬಾಯಿವರೆಗೆ ಬಂದದ್ದನ್ನು ನುಂಗಿದೆ. ಒಳಗೆ ಹೋಗುವ ಮೊದಲು ಇಬ್ಬರಿಗೂ ಕರಕ್ ಚಾ ತಂದೆ. ಅವರು ಕುಡಿಯಲು ಕಪ್ ಎತ್ತಿದವರು ಅರ್ಧಕ್ಕೇ ನಿಲ್ಲಿಸಿ, ಹಳೇ ಅಭ್ಯಾಸದಂತೆ ನನ್ನ ಮೂಗಿನ ಮುಂದೆ ಹಿಡಿದರು.

ನಾನು ಸರಿಯಾಗಿ ಮೂಸಿದೆ. “ಏಲಕ್ಕಿ ಉಂಟು. ಸ್ವಲ್ಪ ಕೇಸರಿ. ಹಾಲು ತಳ ಹಿಡಿದದ್ದು. ಮತ್ತೆ...”

“ಸಾಕು ಮಾರಾಯ,” ಎಂದರು. “ಚಾಕ್ಕೆ ಎಂತಕ್ಕೆ ಇಷ್ಟು ಬಿಲ್ಡಪ್?”

ಕುಡಿದು ಹೋದರು. ಆಗಲೂ ನಾನು ತಪ್ಪಾಯ್ತು ಅನ್ನಲಿಲ್ಲ. ಇಷ್ಟೇ, ಇನ್ನು ಹೇಳಲಿಕ್ಕೆ ಏನೂ ಇಲ್ಲ.