ಫೆಡ್ಯಾ ಭಾವನ ಬೀರು

ನಮ್ಮ ಫೆಡ್ಯಾ ಭಾವ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ. ಹೇಳಿದ್ದು ಪೊಲೀಸಿನವನಿಗೆ, ಹೇಳಿದ್ದು ನನ್ನ ಅಕ್ಕನಿಗೋಸ್ಕರ. ಅಂಥ ಸುಳ್ಳನ್ನು ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಾನು ಎಷ್ಟೋ ಸಲ ಅವನಿಗೆ ಹೇಳಿದ್ದೇನೆ. ಅವನು ಒಪ್ಪಲಿಲ್ಲ. ಒಪ್ಪುವ ಜಾತಿಯೇ ಅಲ್ಲ ಅದು.

ನಾದಿನಿಯಾಗಿ ಭಾವನನ್ನು ಹೀಗೆ ಏಕವಚನದಲ್ಲಿ ಕರೆಯುತ್ತೇನೆಂದು ಯಾರೂ ಹುಬ್ಬೇರಿಸಬೇಡಿ. ಅವನು ಲೂಷಾ ಅಕ್ಕನ ಗಂಡನಾದದ್ದು ಆಮೇಲೆ. ಮೊದಲು ಅವನೂ ನಾನೂ ಒಂದೇ ಬೇಲಿಯ ಹಿಂದೆ ಬೆಳೆದವರು. ನಾವು ರಷ್ಯಾ ಬಿಟ್ಟು ಕೆನಡಾದ ಈ ಕೂಟನೀ ಕಣಿವೆಗೆ ಬಂದ ದೂಖಬೋರ್ ಪಂಥದವರ ಮೊಮ್ಮಕ್ಕಳು. ಮಾಂಸ ಮುಟ್ಟುವುದಿಲ್ಲ, ಬಂದೂಕು ಹಿಡಿಯುವುದಿಲ್ಲ, ಹೆಂಡ ಹೊಗೆಸೊಪ್ಪು ಮನೆಯೊಳಗೆ ತರುವುದಿಲ್ಲ. ಸರ್ಕಾರದ ಶಾಲೆಗೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ನಮ್ಮ ಕೆಲವು ಹಿರಿಯರು ಹಟ ಹಿಡಿದಿದ್ದಕ್ಕೆ ಪೊಲೀಸರು ಬಂದು, ಮಂಚದ ಕೆಳಗೆ ಅಡಗಿದ್ದ ನಮ್ಮಂಥ ಮಕ್ಕಳನ್ನು ಕಾಲು ಹಿಡಿದು ಎಳೆದೊಯ್ದು ತಂತಿಬೇಲಿಯ ಶಾಲೆಯಲ್ಲಿ ಕೂಡಿಹಾಕಿದರು. ಅಮ್ಮಂದಿರು ಬೇಲಿಯ ಆಚೆ ನಿಂತು ಬೆರಳು ತೂರಿಸಿ ನಮ್ಮ ಕೆನ್ನೆ ಮುಟ್ಟುತ್ತಿದ್ದರು. ಫೆಡ್ಯಾ ಅಳುತ್ತಿರಲಿಲ್ಲ, ಮೊಳೆ, ಹಲಗೆ ಚೂರು ಆರಿಸಿಕೊಂಡು ಸಣ್ಣ ಪೆಟ್ಟಿಗೆ ಮಾಡುತ್ತ ಕೂರುತ್ತಿದ್ದ. ಒಳಗೆ ಏನಿಡುತ್ತೀಯ ಎಂದು ಕೇಳಿದರೆ ಹೇಳುತ್ತಿರಲಿಲ್ಲ.

ದೊಡ್ಡವನಾದ ಮೇಲೆ ಸಾಮಿಲ್ಲಿನಲ್ಲಿ ಗರಗಸಕ್ಕೆ ಸಾಣೆ ಹಿಡಿಯುವ ಕೆಲಸ ಮಾಡಿದ, ಮನೆಯಲ್ಲಿ ಬಡಗಿ ಕೆಲಸ. ಅಕ್ಕನಿಗೆ ಮದುವೆಯ ವರ್ಷ ದೇವದಾರು ಹಲಗೆಯ ಒಂದು ಬೀರು ಮಾಡಿಕೊಟ್ಟ. ಅದರ ಬಾಗಿಲು ಮುಚ್ಚಿದರೆ ಸಂದಿಗೆ ಕಾಗದವೂ ತೂರುತ್ತಿರಲಿಲ್ಲ. ಅಕ್ಕ ಅದರಲ್ಲಿ ತನ್ನ ಶಾಲುಗಳನ್ನು, ಚಳಿಗಾಲದ ಕೋಟುಗಳನ್ನು ತೂಗುಹಾಕಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒರೆಸಿ ಒರೆಸಿ ಇಟ್ಟಳು.

ಆಮೇಲೆ ಅವಳಿಗೆ ಆ ನರದ ಕಾಯಿಲೆ ಬಂತು. ಕಾಲು ಇದ್ದಕ್ಕಿದ್ದಂತೆ ಸೆಟೆದುಕೊಂಡು ಮರದ ಕೊರಡಿನಂತಾಗುತ್ತಿತ್ತು, ನಾವಿಬ್ಬರೂ ಹಿಡಿದು ಬಗ್ಗಿಸಿದರೂ ಬಗ್ಗುತ್ತಿರಲಿಲ್ಲ. ಪ್ರಾರ್ಥನೆಯ ಮನೆಯಲ್ಲಿ ಎಲ್ಲರಿಗಿಂತ ಎತ್ತರದ ದನಿ ಅವಳದು. ಆ ದನಿಯಲ್ಲಿ ಅವಳು ಕಿರುಚುವುದನ್ನು ಕೇಳಲಾಗದೆ ನಾನು ರಸ್ತೆ ದಾಟಿ ನನ್ನ ಮನೆಗೆ ಓಡಿಹೋದದ್ದುಂಟು. ಆಸ್ಪತ್ರೆಯ ಮಾತ್ರೆ ತಿಂದರೆ ನಿದ್ದೆ ಬರುತ್ತಿತ್ತು, ಕಾಲು ಮಾತ್ರ ಹಾಗೆಯೇ.

ಗುಡ್ಡದ ಮೇಲೆ ಮರ್ವಿನ್ ಅಂತ ಒಬ್ಬನಿದ್ದ. ಯುದ್ಧಕ್ಕೆ ಹೋಗಲೊಲ್ಲದೆ ಅಮೆರಿಕದಿಂದ ಗಡಿ ದಾಟಿ ಓಡಿಬಂದವನು. ಬಂದೂಕು ಹಿಡಿಯದವನು ಎಂಬ ಒಂದೇ ಕಾರಣಕ್ಕೆ ನಮ್ಮವರು ಅವನ ಉದ್ದ ಕೂದಲನ್ನು ಸಹಿಸಿಕೊಂಡಿದ್ದರು. ಅವನು ತನ್ನ ಗಾಂಜಾ ಗಿಡಗಳ ಹೂವನ್ನು ಬೆಣ್ಣೆಯಲ್ಲಿ ಕಾಯಿಸಿ ಅಕ್ಕನಿಗೆ ಕೊಟ್ಟುನೋಡಿದ. ಒಂದರಿಂದ ತಲೆ ತಿರುಗಿತು, ಇನ್ನೊಂದರಿಂದ ಎದೆ ಹೊಡೆದುಕೊಂಡಿತು. ಒಂದೇ ಒಂದು ಗಿಡದ ಬೆಣ್ಣೆ ಬ್ರೆಡ್ಡಿಗೆ ಸವರಿ ತಿಂದಾಗ ಮಾತ್ರ ಅವಳ ಕಾಲು ನಮ್ಮ ಕಣ್ಣೆದುರೇ ಸಡಿಲವಾಯಿತು. ಅಕ್ಕ ತನ್ನ ಹೆಬ್ಬೆರಳನ್ನು ಆಡಿಸಿ ನೋಡಿಕೊಂಡು ಅತ್ತಳು. ಮರ್ವಿನ್ ಆ ಗಿಡದ ಒಂದು ಕಡ್ಡಿ ಮುರಿದು ಭಾವನ ಕೈಗಿತ್ತು, ಸೇಬಿನ ಹಾಗೇ ಇದೂ, ಬೀಜ ಹಾಕಿದರೆ ಬೇರೆಯದೇ ಏನೋ ಹುಟ್ಟುತ್ತದೆ, ಕಡ್ಡಿ ನೆಟ್ಟೇ ಉಳಿಸಿಕೊಳ್ಳಬೇಕು ಎಂದ. ಇನ್ನೊಂದು ಮಾತನ್ನೂ ಹೇಳಿದ: ಗಿಡ ಉಳಿಯಬೇಕಾದರೆ ಹಂಚಬೇಕು, ನಿನ್ನದು ಸತ್ತರೆ ಪಡೆದವರ ಮನೆಯಿಂದ ವಾಪಸ್ ಬರುತ್ತದೆ. ಭಾವ ಮೊದಲನೆಯದನ್ನು ಮಾತ್ರ ಕಿವಿಗೆ ಹಾಕಿಕೊಂಡ.

ಗಾಂಜಾ ಬೆಳೆದರೆ ಜೈಲಿಗೆ ಹಾಕುತ್ತಿದ್ದ ಕಾಲ. ಭಾವ ಅಕ್ಕನ ಬೀರನ್ನು ಬಿಚ್ಚಿ ಮತ್ತೆ ಕಟ್ಟಿದ. ಮುಂದುಗಡೆ ಕೋಟು, ಶಾಲು ಇದ್ದ ಹಾಗೆಯೇ. ಅವುಗಳ ಹಿಂದೆ ಒಂದು ಸುಳ್ಳು ಹಲಗೆ, ಅದರ ಹಿಂದೆ ಬಿಳಿ ಬಣ್ಣ ಬಳಿದ ಎರಡು ಗೂಡು. ಮೇಲಿನದರಲ್ಲಿ ತಾಯಿಗಿಡ, ಅದಕ್ಕೆ ದಿನದ ಬಹುಪಾಲು ದೀಪ. ಕೆಳಗಿನದರಲ್ಲಿ ತಾಯಿಯಿಂದ ಕತ್ತರಿಸಿ ನೆಟ್ಟ ಮರಿಗಳು. ಅವು ಹೂ ಬಿಡಬೇಕಾದರೆ ಅರ್ಧ ದಿನ ಕಗ್ಗತ್ತಲು ಬೇಕು. ಆ ಹೊತ್ತಿನಲ್ಲಿ ಸೂಜಿಮೊನೆಯಷ್ಟು ಬೆಳಕು ಬಿದ್ದರೂ ಗಿಡ ಗಲಿಬಿಲಿಗೊಂಡು ಬೀಜ ಕಟ್ಟಿ ಕೆಡುತ್ತದೆ. ಅದಕ್ಕೆ ತನ್ನ ಹಳೆಯ ಉಣ್ಣೆ ಟೋಪಿ ಕತ್ತರಿಸಿ ಸಂದಿಗಳಿಗೆಲ್ಲ ಅಂಟಿಸಿದ. ವಾಸನೆಗೆ ಇದ್ದಿಲು ತುಂಬಿದ ಡಬ್ಬಿ, ಗಾಳಿಗೆ ಹಳೆಯ ಕಂಪ್ಯೂಟರಿನ ಫ್ಯಾನು. ಇಷ್ಟಾದರೂ ಹೂ ಬಿಡುವ ವಾರಗಳಲ್ಲಿ ಅಕ್ಕ ದಿನಾ ಬೋರ್ಷ್ಟ್ ಸಾರು ಕುದಿಸುತ್ತಿದ್ದಳು, ಎಲೆಕೋಸಿನ ವಾಸನೆಯ ಮುಂದೆ ಬೇರೆ ಯಾವ ವಾಸನೆಯೂ ನಿಲ್ಲದು ಎಂದು. ಆ ವರ್ಷಗಳಲ್ಲಿ ತಿಂದ ಬೋರ್ಷ್ಟ್ ನನಗೆ ಈ ಜನ್ಮಕ್ಕೆ ಸಾಕು.

ಬೆಳಗ್ಗೆ ಎದ್ದೊಡನೆ ಹೆಂಡತಿಯ ಮುಖ ನೋಡುವ ಮೊದಲು ಗಂಡ ಬೀರಿನೊಳಗೆ ತಲೆ ತೂರಿಸಿದರೆ ಯಾವ ಹೆಂಗಸು ಸುಮ್ಮನಿದ್ದಾಳು? ಅಕ್ಕ ಆ ತಾಯಿಗಿಡಕ್ಕೆ ಸವತಿ ಎಂದೇ ಹೆಸರಿಟ್ಟಳು. ಸವತಿಗೆ ನೀರಾಯಿತೇ, ಸವತಿಗೆ ಸೆಕೆಯಾಗುತ್ತಿಲ್ಲ ತಾನೇ ಎಂದು ಕುರ್ಚಿಯಿಂದಲೇ ಚುಚ್ಚುತ್ತಿದ್ದಳು. ಭಾವ ಕಿವಿಯವರೆಗೆ ಕೆಂಪಾಗುತ್ತಿದ್ದ. ಮರಿಗಳನ್ನು, ಎಲೆಗಳನ್ನು ಕತ್ತರಿಸಲು ಅವನು ಬಳಸುತ್ತಿದ್ದದ್ದು ಅಕ್ಕನ ಹೊಲಿಗೆಯ ಕತ್ತರಿ. ಅದನ್ನು ಎಂದೂ ತೊಳೆದವನಲ್ಲ. ಏಕೆ ತೊಳೆಯಬೇಕು? ಬೀರಿನಲ್ಲಿದ್ದದ್ದೆಲ್ಲ ಒಂದೇ ಗಿಡ, ಅದರದೇ ಮರಿ, ಮರಿಯ ಮರಿ.

ಮರ್ವಿನ್ ಸತ್ತ. ಅವನ ಜಾಗ ಕೊಂಡವರು ಗಿಡಗಳನ್ನೆಲ್ಲ ಕಿತ್ತೆಸೆದರು. ಇನ್ನು ಈ ಗಿಡ ಇರುವುದು ಭೂಮಿಯ ಮೇಲೆ ನಮ್ಮ ಬೀರೊಂದರಲ್ಲೇ.

"ಭಾವ, ಒಂದ್ ಕಡ್ಡಿ ನನ್ ಮನೇಲೂ ಇರ್ಲಿ" ಎಂದೆ. "ನಾಳೆ ನಿನ್ ಗಿಡಕ್ಕೇನಾದ್ರೂ ಆದ್ರೆ ಅಕ್ಕನ ಗತಿ?"

"ಎರಡ್ ಮನೇಲಿದ್ರೆ ಎರಡ್ ಬಾಯಿ, ನ್ಯೂರಾ."

"ಅಂದ್ರೆ ನನ್ ಬಾಯಿ ಸರಿ ಇಲ್ಲ ಅಂತಾನಾ?"

"ಊರಿಗೇ ಗೊತ್ತಿರೋದನ್ನ ನಾನ್ಯಾಕ್ ಹೇಳ್ಲಿ."

ಅಕ್ಕ ನಕ್ಕಳು. ನಾನೂ ನಕ್ಕೆ, ಆದರೆ ಕಡ್ಡಿ ಸಿಗಲಿಲ್ಲ.

ಸೆಟೆತ ತಪ್ಪಿದ್ದರೂ ಕಾಲಿನ ಬಲ ಹೋಗಿ ಅಕ್ಕ ಗಾಲಿಕುರ್ಚಿ ಹಿಡಿದ ವರ್ಷ ಪೊಲೀಸರು ಬಂದರು. ಯಾರು ಊದಿದರೋ ಗೊತ್ತಿಲ್ಲ, ನಾನಂತೂ ಅಲ್ಲ. ಮುಂದಾಳು ಡ್ವೇನ್ ಪ್ರೆಸ್ಕಾಟ್ ಎಂಬ ದಪ್ಪ ಕತ್ತಿನವನು. ಹಿಟ್ಟಿನ ಡಬ್ಬಿ ನೆಲಕ್ಕೆ ಸುರಿಸಿದ, ಅಕ್ಕನ ಹಾಸಿಗೆ ಕುಯ್ದ. ನಮ್ಮ ಮನೆಗಳಲ್ಲಿ ಮೇಜಿನ ಮೇಲೆ ಬ್ರೆಡ್ಡು, ಉಪ್ಪು, ನೀರು ಸದಾ ಇರುತ್ತವೆ; ನಮಗೆ ಬೇರೆ ವಿಗ್ರಹವಿಲ್ಲ, ಪಟವಿಲ್ಲ, ಅದೇ ಎಲ್ಲ. ಆ ಬ್ರೆಡ್ಡನ್ನೂ ಎರಡು ಹೋಳು ಮಾಡಿ ಒಳಗೆ ನೋಡಿದ. ಕೊನೆಗೆ ಬೀರಿನ ಬಾಗಿಲು ತೆಗೆದು, ಕೋಟುಗಳನ್ನು ಸರಿಸಿ, ಸುಳ್ಳು ಹಲಗೆಯ ಮೇಲೆ ಅಂಗೈ ಊರಿ ನಿಂತು, ಮನೆಯಲ್ಲಿ ಏನಾದರೂ ಇದೆಯೇ ಎಂದು ಭಾವನನ್ನು ಕೇಳಿದ. ಭಾವ ಅವನ ಕಣ್ಣು ನೋಡಿಯೇ ಹೇಳಿದ:

"ಮನೇಲಿ ಏನೂ ಇಲ್ಲ."

ಅವರು ಹೋದರು. ಅದರ ಮುಂದಿನ ಭಾನುವಾರದಿಂದ ಭಾವ ಪ್ರಾರ್ಥನೆಯಲ್ಲಿ ಬಾಯಿ ತೆರೆಯಲಿಲ್ಲ. ಬ್ರೆಡ್ಡಿನ ಮುಂದೆ ನಿಂತು ಸುಳ್ಳು ಹೇಳಿದ ಬಾಯಿಂದ ಕೀರ್ತನೆ ಹೇಗೆ ಹಾಡಲಿ ಎಂದು ಅಕ್ಕನ ಹತ್ತಿರ ಅಂದನಂತೆ. ಅಕ್ಕ ಮಾತ್ರ ಇಬ್ಬರ ಪಾಲನ್ನೂ ಹಾಡಿದಳು. ಅವಳ ಕಾಲು ಸಡಿಲವಾಗಿತ್ತು, ಉಸಿರು ಸರಾಗವಾಗಿತ್ತು, ಇನ್ನೇನು ಬೇಕು?

ವರ್ಷಗಳು ಕಳೆದವು. ಒಂದು ಶರತ್ಕಾಲದಲ್ಲಿ ಸರ್ಕಾರ ಇದ್ದಕ್ಕಿದ್ದಂತೆ, ಗಾಂಜಾ ತಪ್ಪಲ್ಲ, ಮನೆಗೆ ನಾಲ್ಕು ಗಿಡ ಬೆಳೆದುಕೊಳ್ಳಿ ಎಂದಿತು. ಪೇಟೆಬೀದಿಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಎದ್ದಿತು. ಅದರ ಪಾಲುದಾರ ಯಾರು ಗೊತ್ತೇ? ನಿವೃತ್ತನಾದ ಡ್ವೇನ್ ಪ್ರೆಸ್ಕಾಟ್. ನಿನ್ನೆಯವರೆಗೆ ಹಿಡಿಯುತ್ತಿದ್ದವನು ಇವತ್ತು ಮಾರುತ್ತಾನೆ. ನನಗೆ ಮೈಯೆಲ್ಲ ಉರಿಯಿತು.

ಭಾವನಿಗೆ ಉರಿಯಲಿಲ್ಲ, ಅದೇ ನನ್ನ ದುಃಖ. ಅವನು ಸುಳ್ಳು ಹಲಗೆ ಬಿಚ್ಚಿ ಒಲೆಗೆ ಹಾಕಿದ, ಹಗಲೆಲ್ಲ ಬೀರಿನ ಬಾಗಿಲನ್ನು ಹಾರುಹೊಡೆದು ತೆರೆದಿಟ್ಟ. ಹೆಣ್ಣು ನೋಡಲು ಬಂದ ಹಾಗೆ ಜನ ಬಂದರು. ಸಂದಿಯ ಟೋಪಿ ಚೂರುಗಳನ್ನು, ಇದ್ದಿಲಿನ ಡಬ್ಬಿಯನ್ನು ಮುಟ್ಟಿ ಮುಟ್ಟಿ ಹೊಗಳಿದರು. ಬೇಲಿಯ ಹಿಂದೆ ಪೆಟ್ಟಿಗೆ ಮಾಡುತ್ತಿದ್ದವನ ಪೆಟ್ಟಿಗೆಯೊಳಗನ್ನು ಎಪ್ಪತ್ತು ದಾಟಿದ ಮೇಲೆ ಲೋಕ ನೋಡಿತು. ಅವನು ಹೊಸ ಅಂಗಿ ಹಾಕಿಕೊಂಡು ಓಡಾಡಿದ. ಪ್ರಾರ್ಥನೆಯಲ್ಲಿ ಮೆಲ್ಲಗೆ ತುಟಿ ಕೂಡ ಆಡಿಸಿದ.

ಆ ಗುಂಪಿನ ಹಿಂದೆಯೇ ಒಂದು ಮಧ್ಯಾಹ್ನ ಡ್ವೇನ್ ಬಂದ. ಕೈಯಲ್ಲಿ ಚಂದದ ಕುಂಡ, ಅದರಲ್ಲಿ ಹಸಿರಾಗಿ ಹೊಳೆಯುವ ಎಳೆಯ ಗಾಂಜಾ ಗಿಡ, ಕುಂಡದ ಮೇಲೆ ಸರ್ಕಾರದ ಮೊಹರು. ಇಂಗ್ಲಿಷಿನವರಿಗೆಲ್ಲ ಭಾವ ಫ್ರೆಡ್.

"ಫ್ರೆಡ್, ಅವತ್ತು ನಾನು ಕೈಯಿಟ್ಟಿದ್ದು ಇಲ್ಲೇ ಅಲ್ವಾ?"

"ಇನ್ನೊಂದ್ ಗೇಣು ಒಳಗೆ ಹೋಗಿದ್ರೆ ಸಿಕ್ತಿತ್ತು" ಎಂದ ಭಾವ.

"ಎಲಾ ಕಳ್ಳ ಮುದುಕ."

ಇಬ್ಬರೂ ಬೀರಿನ ಮುಂದೆ ನಿಂತು ಹಳೆಯ ಗೆಳೆಯರ ಹಾಗೆ ನಕ್ಕರು. ಅಕ್ಕನ ಹಾಸಿಗೆ ಕುಯ್ದವನು, ಬ್ರೆಡ್ಡು ಸೀಳಿದವನು. ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಡ್ವೇನ್ ಕುಂಡ ಮುಂದೆ ಚಾಚಿ, ಹಳೆಯದನ್ನೆಲ್ಲ ಮರೆಯೋಣ, ಇದು ನನ್ನ ಕಾಣಿಕೆ ಎಂದ. ಭಾವನ ಕೈ ಒಂದು ಗಳಿಗೆ ಹಿಂದೆಯೇ ನಿಂತಿತು. ನಮ್ಮ ಅಜ್ಜಿ ಹಾಕಿಕೊಟ್ಟ ಕಟ್ಟೊಂದಿದೆ: ಮೇಜಿನ ಮೇಲೆ ಬ್ರೆಡ್ಡು ಉಪ್ಪು ಇರುವಾಗ ಒಳಗೆ ಬಂದವನು ಯಾರೇ ಆಗಲಿ ಅತಿಥಿ, ಅವನು ತಂದದ್ದನ್ನು ಬೇಡ ಎನ್ನಬಾರದು.

"ತಗೋ ಫೆಡ್ಯಾ" ಎಂದಳು ಅಕ್ಕ. "ಉಪ್ಪು ಮೇಜಿನ ಮೇಲಿದೆ, ನೆನಪಿರ್ಲಿ."

ತೆಗೆದುಕೊಂಡ. ಡ್ವೇನ್ ಹೋದ ಮೇಲೆ ನಾನು ಬಡಕೊಂಡೆ. ಹೊಸದಾಗಿ ತಂದ ಹಸುವನ್ನೂ ನಾಲ್ಕು ದಿನ ಬೇರೆ ಕಟ್ಟುತ್ತಾರಲ್ಲ ಭಾವ, ಇದನ್ನು ನನ್ನ ಜಗಲಿಯಲ್ಲಾದರೂ ಇಡು ಎಂದೆ. ಅತಿಥಿಯ ಕಾಣಿಕೆಯನ್ನು ಹೊರಗಿಡುತ್ತಾರೇನೇ ಎಂದ. ಮೊಹರು ಬೇರೆ ಇದೆಯಲ್ಲ, ಪರೀಕ್ಷೆ ಮಾಡಿಯೇ ಕೊಟ್ಟಿರುತ್ತಾರೆ ಎಂದ. ಹುಟ್ಟಿದಾಗಿನಿಂದ ಸರ್ಕಾರದ ಒಂದು ಚೀಟಿಯನ್ನೂ ನಂಬದವನು! ಸವತಿಯ ಪಕ್ಕದಲ್ಲೇ ಅದನ್ನಿಟ್ಟ, ಅಕ್ಕನ ಕತ್ತರಿಯಿಂದ ಅದರ ಕೆಳಗಿನ ಎಲೆ ಸವರಿದ, ಅದೇ ಕತ್ತರಿಯಿಂದ ಸವತಿಯ ಮರಿ ಕತ್ತರಿಸಿದ.

ಚಳಿಗಾಲ ಮುಗಿಯುವ ಹೊತ್ತಿಗೆ ಸವತಿ ಕುಗ್ಗಿದಳು. ಎಲೆ ಚಿಕ್ಕದಾಯಿತು, ಕೊಂಬೆ ಮುಟ್ಟಿದರೆ ಲಟಕ್ಕನೆ ಮುರಿಯುತ್ತಿತ್ತು. ಮರಿಗಳು ಹೂ ಬಿಟ್ಟವು, ಹೂವಿನಲ್ಲಿ ಅಂಟಿಲ್ಲ, ವಾಸನೆಯಿಲ್ಲ. ಭಾವ ಮಣ್ಣು ಬದಲಿಸಿದ, ದೀಪ ಬದಲಿಸಿದ, ಹಿಮ ಕರಗಿಸಿ ನೀರು ಹಾಕಿದ. ಕೊನೆಗೆ ತೋಟದ ಸಾಮಾನಿನ ಅಂಗಡಿಯವಳು ಎಲೆಗಳನ್ನು ಪರೀಕ್ಷೆಗೆ ಕಳಿಸಿ ತಿಳಿಸಿದಳು: ಇದೊಂದು ಅಂಟುರೋಗ, ಔಷಧಿಯಿಲ್ಲ, ಹರಡುವುದು ಕತ್ತರಿಯ ಬಾಯಿಂದ. ಕೆಲವು ಗಿಡಗಳು ರೋಗ ಹೊತ್ತುಕೊಂಡೇ ಹಸಿರಾಗಿ ಹೊಳೆಯುತ್ತಿರುತ್ತವೆ. ಡ್ವೇನನ ಗಿಡ ಹೊಳೆಯುತ್ತಲೇ ಇತ್ತು.

ಬೆಣ್ಣೆಯ ಡಬ್ಬಿ ತಳ ಕಂಡಿತು. ಅಕ್ಕನ ಕಾಲು ಮತ್ತೆ ಕೊರಡಾಯಿತು. ಡ್ವೇನನ ಅಂಗಡಿಯ ಎಣ್ಣೆ, ಮಿಠಾಯಿ, ಹೂ ಎಲ್ಲ ತಂದು ತಿನ್ನಿಸಿದೆವು. ಒಂದರಿಂದ ಭಯವಾಯಿತು, ಒಂದರಿಂದ ವಾಂತಿ. ಅವಳು ಈಗ ಪ್ರಾರ್ಥನೆಗೆ ಬರುವುದಿಲ್ಲ. ನೋವು ತುಸು ಬಿಟ್ಟಾಗ ನನ್ನ ಕೈ ಹಿಡಿದು ಹೇಳಿದಳು: "ಸವತಿ ಸತ್ರೆ ಹೆಂಗಸ್ರು ಹಾಲು ಕುಡೀತಾರಂತೆ ಕಣೇ. ನನಗೆ ಆ ಭಾಗ್ಯಾನೂ ಇಲ್ಲ."

ಭಾವ ಗಿಡಗಳನ್ನೆಲ್ಲ ಒಲೆಗೆ ಹಾಕಿದ ದಿನ ನನ್ನ ಮನೆಯ ಮೆಟ್ಟಿಲ ಮೇಲೆ ಬಂದು ಕೂತ.

"ನಿನಗೊಂದ್ ಕಡ್ಡಿ ಕೊಡ್ಬೇಕಾಗಿತ್ತು, ನ್ಯೂರಾ."

"ಕೆಟ್ ಮೇಲೆ ಬುದ್ಧಿ ಬಂತು, ಅಟ್ ಮೇಲೆ ಒಲೆ ಉರೀತು" ಎಂದೆ. ಅಕ್ಕನ ಕಿರುಚಾಟ ರಸ್ತೆಯ ಈಚೆಗೂ ಕೇಳುತ್ತಿತ್ತು.

ಮೊನ್ನೆ ನಾನು ಅಕ್ಕನ ಕಾಲು ತಿಕ್ಕುತ್ತ ಕೂತಿದ್ದಾಗ ಹೊರಗೆ ಕಾರು ನಿಂತಿತು. ಕಿಟಕಿಯಿಂದ ನೋಡಿದೆ. ಡ್ವೇನ್. ಗಿಡ ಸತ್ತ ಸುದ್ದಿ ಯಾರೋ ಹೇಳಿರಬೇಕು, ಕೈಯಲ್ಲಿ ಇನ್ನೊಂದು ಕುಂಡ. ಮುಖದಲ್ಲಿ ನಿಜವಾದ ಮರುಕವಿತ್ತು, ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

ಭಾವ ಎದ್ದ. ಬಾಗಿಲ ಕಡೆ ಹೋಗಲಿಲ್ಲ. ಮೇಜಿನ ಹತ್ತಿರ ಹೋಗಿ ಬ್ರೆಡ್ಡು ಎತ್ತಿಕೊಂಡ, ಉಪ್ಪಿನ ಬಟ್ಟಲು ಎತ್ತಿಕೊಂಡ, ನೀರಿನ ಹೂಜಿ ಎತ್ತಿಕೊಂಡ. ನಮ್ಮ ಮನೆಯ ಮೇಜನ್ನು ಬರಿದಾಗಿ ನಾನು ನೋಡಿದ್ದು ಅದೇ ಮೊದಲು. ಅಕ್ಕ ಹಲ್ಲು ಕಚ್ಚಿಕೊಂಡೇ, "ಫೆಡ್ಯಾ, ಬೇಡ, ಅಲ್ಲೇ ಇಡು" ಎಂದಳು. ಅವನು ಮೂರನ್ನೂ ಖಾಲಿ ಬೀರಿನೊಳಗಿಟ್ಟು ಬಾಗಿಲು ಮುಚ್ಚಿದ. ಆಮೇಲೆ ಹೋಗಿ ಹೊರಬಾಗಿಲು ತೆರೆದು, ಹೊಸಿಲಿನ ಮೇಲೆಯೇ ಅಡ್ಡ ನಿಂತು, ಅವನ ಕಣ್ಣು ನೋಡಿಯೇ ಹೇಳಿದ:

"ಮನೇಲಿ ಏನೂ ಇಲ್ಲ."