ಗಿಫ್ಟ್ ಎಂಬ ಶಬ್ದ

ನಮ್ಮ ಇಂಗ್ಲಿಷ್ ಮಾಸ್ತರರ ಕೆಳದುಟಿ ಸದಾ ನೇರಳೆ ಬಣ್ಣಕ್ಕಿರುತ್ತಿತ್ತು. ಒದ್ದೆಯಾದರೆ ಬಣ್ಣ ಬಿಡುವ ಕಾಪಿ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ ಬರೆಯುವ ಚಟ. ಇಳಕಲ್ಲಿನ ಹೈಸ್ಕೂಲಿನಲ್ಲಿ ಶಬ್ದಗಳ ಹುಚ್ಚಿದ್ದವರು ಅವರೊಬ್ಬರೇ. ಜರ್ಮನ್, ಡಚ್, ಸ್ವೀಡಿಷ್ ಎಲ್ಲ ಇಂಗ್ಲಿಷಿನ ದಾಯಾದಿಗಳು ಎನ್ನುತ್ತಿದ್ದರು. "ಶಬ್ದಕ್ಕೂ ಒಂದು ತವರಮನಿ ಇರ್ತೈತಿ. ಮದಲ ಅದನ್ನ ಕೇಳ್ರಿ."

ಮೆಟ್ರಿಕ್ ವರ್ಗದಲ್ಲಿ ಒಂದು ದಿನ ಗಿಫ್ಟ್ ಎಂದು ಬೋರ್ಡಿನ ಮೇಲೆ ಬರೆದರು.

"ಇಂಗ್ಲಿಷರಿಗೆ ಇದು ಕಾಣಿಕಿ. ಜರ್ಮನ್ನರಿಗೆ ವಿಷ. ಸ್ವೀಡನ್ನಿನ್ಯಾಗ ವಿಷಾನೂ ಹೌದು, ಲಗ್ನ ಆದವರಿಗೂ ಇದ ಶಬ್ದ. ಬೇರು ಒಂದ, ಕೊಡೂದು. ವೈದ್ಯ ಕೊಟ್ಟದ್ದು ಕಡೀಕ ವಿಷ ಆತು, ಹೆಣ್ಣ ಕೊಟ್ಟದ್ದು ಲಗ್ನ ಆತು."

"ಹಂಗಾರ ಲಗ್ನಕ್ಕ ಗಿಫ್ಟ್ ಒಯ್ಯೂದ ಬ್ಯಾಡ್ರಿ ಸರ!" ಎಂದ ಹಿಂದಿನ ಬೆಂಚಿನವನೊಬ್ಬ. ಎಲ್ಲರೂ ನಕ್ಕೆವು. ಮಾಸ್ತರರು ನಗಲಿಲ್ಲ. ಬೋರ್ಡು ಒರೆಸಿ ಹೊರಗೆ ಹೋದರು.

ನಾನು ಮೆಟ್ರಿಕ್ ಪಾಸಾದೆ. ಸಹಿ ಮಾಡಲು ಬರುವವರೂ ಇಲ್ಲದ ಮನೆ ನಮ್ಮದು. ಬಾಗಲಕೋಟೆಯ ಕಾಲೇಜಿಗೆ ಕಳಿಸಿರೆಂದು ಹೇಳಲು ಮಾಸ್ತರರು ಮನೆಗೆ ಬಂದರು. ಅಪ್ಪ ಮಗ್ಗದಿಂದ ಏಳಲಿಲ್ಲ.

"ಚಾ ಕುಡೀರಿ ಮಾಸ್ತರ. ಕಾಲೇಜಿನ ಮಾತ ಮಾತ್ರ ಬ್ಯಾಡ. ಈಕಿನ್ನ ಅಮೀನಗಡಕ್ಕ ಕೊಡೂದು ಗಟ್ಟಿ ಆಗೇತಿ."

"ನಾಕು ವರ್ಷ ತಡೀರಲ್ಲ."

"ಹೆಣ್ಣು ಅಂದಮ್ಯಾಲ ಕೊಡೂದ ಅಲ್ಲೇನ್ರಿ? ನೀವೇನು ನಿಮ್ಮ ಮಗಳನ್ನ ಮನ್ಯಾಗ ಇಟಗೊಂಡಿದ್ರ್ಯಾ?"

ಮಾಸ್ತರರು ಹೊಸ್ತಿಲ ಮೇಲೆ ಕುಳಿತುಬಿಟ್ಟರು.

"ಇಲ್ರಿ. ಹದಿನಾರಕ್ಕ ಕೊಟ್ಟೆ. ಅಲ್ಲಿ ಆಕಿ ವಿಷ ತಗೊಂಡ್ಲು. ನಾ ಒಬ್ಬನ ಹೋಗಿ ಎಲ್ಲಾ ಮುಗಿಸಿ ಬಂದೆ. ಮನ್ಯಾಗ ಕಾಲರಾ ಅಂತ ಹೇಳೇನಿ. ಆಕಿ ತಾಯಿಗೆ ಇವತ್ತಿಗೂ ಗೊತ್ತಿಲ್ಲ. ಸಾಲ್ಯಾಗ ಹುಡುಗೂರಿಗೆ ಒಂದ ಶಬ್ದಕ್ಕ ಮೂರು ಅರ್ಥ ಕಲಸ್ತೇನಿ. ಮೂರೂ ನನ್ನ ಮನ್ಯಾಗ ಅದಾವ."

ಅಪ್ಪನ ಕೈಯಲ್ಲಿ ಲಾಳಿ ನಿಂತಿತು. ಮರುದಿನ ಬಸ್ಸು ಹತ್ತಿ ಅಮೀನಗಡಕ್ಕೆ ಹೋಗಿ ಒಲ್ಲೆನೆಂದು ಹೇಳಿ ಬಂದ. ನನ್ನನ್ನು ಕಾಲೇಜಿಗೆ ಕಳಿಸಿದ.

ನೇಕಾರರ ಓಣಿಯಲ್ಲಿ ಗೋಡೆಗಳು ತೆಳ್ಳಗೆ. ಮಾಸ್ತರರ ಮಾತು ಅವರಿಗಿಂತ ಮೊದಲೇ ಅವರ ಮನೆ ಮುಟ್ಟಿತ್ತಂತೆ. ಅಂದಿನಿಂದ ಅವರ ಹೆಂಡತಿ ಅವರಿಗೆ ಊಟ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ನಾನು ಕೊನೆಯ ವರ್ಷದಲ್ಲಿದ್ದಾಗ ಮಾಸ್ತರರು ತೀರಿಕೊಂಡರು. ಅಲ್ಲಿಯವರೆಗೂ ಆ ಮನೆ ಹಾಗೆಯೇ ಇತ್ತೆಂದು ಅವ್ವ ಹೇಳಿದಳು.

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವಳು ನಾನು. ಕಷ್ಟಪಟ್ಟು ಆದವಳು, ಹೆಮ್ಮೆಯಿಂದಲೇ ಹೇಳುತ್ತೇನೆ. ಫಲಿತಾಂಶ ಬಂದ ದಿನ ಆ ಮನೆಗೆ ಹೋದೆ. ಮಾಸ್ತರರ ಹೆಂಡತಿ ಬಾಗಿಲಿಗೆ ಬಂದರು.

"ಪಾಸಾದಿ?"

"ಆದೆ ಅವ್ವಾರ."

"ಛಲೋ ಆತು. ಕಾಲರಾ ಅಂತ ನಂಬಕೊಂಡು ನಾ ಹೆಂಗೋ ಬದುಕಿದ್ದೆ, ತಂಗಿ."

ಒಳಗೆ ಬಾ ಎನ್ನಲಿಲ್ಲ. ನಾನು ಹೊರಗೆ ನಿಂತೇ ಕೈ ಮುಗಿದು ಬಂದೆ.